ಆರಿದ ಬೆಂಕಿಕಡ್ಡಿಯ ವಾಸನೆ

ಜನವರಿ ೧೯

ಮೂಸಣ್ಣನಿಗೆ,

ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೂ ಒಂದೇ, ಒಣಗಿದ ನಲ್ಲಿಯ ಕೆಳಗೆ ಕೊಡ ಇಟ್ಟು ಕಾಯುವುದೂ ಒಂದೇ. ಹೂಂ, ಹಾಂ, ನೋಡೋಣ ಅಕ್ಕ. ಇಷ್ಟು ತೊಟ್ಟಿಕ್ಕಿ ನಿಂತುಹೋಗುತ್ತದೆ. ಕಾಗದದಲ್ಲಾದರೆ ನೀನು ಮನುಷ್ಯನ ಹಾಗೆ ಮಾತಾಡುತ್ತೀಯ. ಆದ್ದರಿಂದ ಇನ್ನು ಮೇಲೆ ಬರವಣಿಗೆಯೇ.

ನನ್ನ ಮೇದೋಜೀರಕದ ಗೆಡ್ಡೆಗೆ ಇಂಜೆಕ್ಷನ್ನುಗಳಿಂದ ಇನ್ನು ಉಪಯೋಗವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನನ್ನ ಮುಖಕ್ಕೆ ಹೇಳಲಿಲ್ಲ, ಮೇಜಿನ ಮೇಲಿದ್ದ ಪೆನ್ನುಗಳ ಡಬ್ಬಿಗೆ ಹೇಳಿದರು. ಆಮೇಲೆ, ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ ಎಂದರು. ಅದಕ್ಕೆ ಇನ್ನೂ ಹೆಸರಿಲ್ಲ, ಒಂದು ಅಕ್ಷರ, ಒಂದು ನಂಬರು. ನಂಬರು ಕಿವಿಗೆ ಬಿದ್ದ ಕೂಡಲೇ "ಅಯ್ಯೋ, ಅದು ನನ್ನ ತಮ್ಮನ ಮಾತ್ರೆ!" ಎಂದು ಕೂಗಿಬಿಟ್ಟೆ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು.

"ಹಾಗಲ್ಲಮ್ಮ," ಎಂದರು ಡಾಕ್ಟರಮ್ಮ. "ಮಾತ್ರೆ ಕಂಪನೀದು. ನಿಮ್ಮ ತಮ್ಮ ಮಾಡಿದ್ದು ಅದರೊಳಗಿನ ಪುಡಿ ಮಾತ್ರ."

"ಮಗು ಹೆತ್ತವರದೋ, ತೊಟ್ಟಿಲು ಮಾರಿದವರದೋ?" ಎಂದು ಕೇಳಿದೆ. ಅವರು ನಗಲಿಲ್ಲ. ನಿಮ್ಮ ಸಂಸ್ಥೆಗೆ ಬರೆದು ಕೇಳಿದರಂತೆ. ನೀನು ಈ ಪರೀಕ್ಷೆಯಿಂದ ದೂರ ಇದ್ದರೆ ನಾನು ಸೇರಬಹುದಂತೆ. ದೂರ ಇರುವುದರಲ್ಲಿ ನಿನ್ನನ್ನು ಮೀರಿಸುವವರುಂಟೇ!

ಆ ಆಸ್ಪತ್ರೆಯ ಹೊಸ ಕಟ್ಟಡ ನಿನಗೆ ನೆನಪಿರಲಿಕ್ಕಿಲ್ಲ. ನನಗಿದೆ. ಅದಕ್ಕೆ ಮೂರು ಸಲ ಅಡಿಗಲ್ಲು ಹಾಕಿದರು, ಮೂರು ಸಲದ ಸುದ್ದಿಗೂ ನಮ್ಮ ಪತ್ರಿಕೆಯಲ್ಲಿ ಪ್ರೂಫ್ ನೋಡಿದವಳು ನಾನು. ಮೊದಲ ಸಲ "ಎರಡು ವರ್ಷದೊಳಗೆ" ಎಂದಿತ್ತು. ಎರಡನೇ ಸಲ "ಶೀಘ್ರದಲ್ಲಿ". ಮೂರನೇ ಸಲದ ಭಾಷಣದಲ್ಲಿ ಕಾಲದ ಮಾತೇ ಇಲ್ಲ, ಬರೀ ಹಾರ. ಇಪ್ಪತ್ತು ವರ್ಷದ ಮೇಲೆ ಕಟ್ಟಿ ಮುಗಿಸಿದರು. ಒಳಗೆ ಲಿಫ್ಟಿನ ಜಾಗದಲ್ಲಿ ಹಳೆಯ ಮಂಚಗಳನ್ನು ಜೋಡಿಸಿಟ್ಟಿದ್ದಾರೆ.

ಇನ್ನು ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಸೇರಿದವರಲ್ಲಿ ಅರ್ಧ ಜನಕ್ಕೆ ಔಷಧ, ಇನ್ನರ್ಧಕ್ಕೆ ಅದೇ ರೂಪದ ಖಾಲಿ ಮಾತ್ರೆ ಅಂತೆ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಕಂಪ್ಯೂಟರು ಚೀಟಿ ಎತ್ತುತ್ತದಂತೆ. ಸಾಯುವವರ ಮುಂದೆ ಚೀಟಿ ಆಟ! ನಿನ್ನ ಭಾವ ಪಕ್ಕದಲ್ಲೇ ಕೂತು, "ನಿನಗೆ ಲಾಟರಿ ಯಾವತ್ತು ಹೊಡೆದಿದೆ, ನಾನೊಬ್ಬ ಸಿಕ್ಕಿದ್ದು ಬಿಟ್ಟು?" ಎಂದರು. ಅದಕ್ಕೆ ಡಾಕ್ಟರಮ್ಮ ನಕ್ಕರು ನೋಡು. ನನ್ನ ಮಾತಿಗೆ ನಗದವರು!

ಸೇರಿದ್ದೇನೆ. ಬೇರೆ ದಾರಿ ಏನಿದೆ. ಈಗ ಪ್ರೆಸ್ಸಿನ ಹೆಂಗಸಿಗೆ ಅರ್ಥವಾಗುವ ಹಾಗೆ ಬರಿ: ಕಿಣ್ವ ಎಂದರೇನು, ನಿನ್ನ ಪುಡಿ ಹೊಟ್ಟೆಯೊಳಗೆ ಹೋಗಿ ಮಾಡುವುದೇನು?

ಸಿಟ್ಟಿನಲ್ಲಿದ್ದರೂ ನಿನ್ನವಳೇ,
ಅಕ್ಕ

*

ಫೆಬ್ರವರಿ ೩

ಅಕ್ಕನಿಗೆ,

ಮಾತ್ರೆಯ ಬಗ್ಗೆ ನಿನ್ನ ಹತ್ತಿರ ಏನೂ ಮಾತಾಡುವುದಿಲ್ಲ ಎಂದು ಸಹಿ ಮಾಡಿ ಕೊಟ್ಟಿದ್ದೇನೆ. ಕಿಣ್ವದ ಬಗ್ಗೆ ಬರೆಯಬಹುದು, ಅದು ಪಠ್ಯಪುಸ್ತಕದಲ್ಲೂ ಇದೆ.

ಪ್ರತಿ ಜೀವಕೋಶವೂ ಒಂದು ಹಳೆಯ ಕಾಲದ ಪ್ರೆಸ್ಸು ಎಂದುಕೊ. ಅದು ಎರಡಾಗುವ ಮೊದಲು ತನ್ನೊಳಗಿನ ಇಡೀ ಪುಸ್ತಕವನ್ನು ಇನ್ನೊಂದು ಪ್ರತಿ ಅಚ್ಚು ಹಾಕಬೇಕು. ಅಚ್ಚಿಗೆ ಅಕ್ಷರದ ಮೊಳೆ ಬೇಕು. ಮೊಳೆ ಎರಕ ಹೊಯ್ಯುವ ಕೆಲಸಗಾರರೇ ಕಿಣ್ವಗಳು. ಒಬ್ಬ ಸೀಸ ಕರಗಿಸಿ ಕೊಡುತ್ತಾನೆ, ಇನ್ನೊಬ್ಬ ಹೊಯ್ಯುತ್ತಾನೆ, ಮತ್ತೊಬ್ಬ ಅಂಚು ಉಜ್ಜುತ್ತಾನೆ. ಹೀಗೆ ಕೈಯಿಂದ ಕೈಗೆ ಹೋಗುವ ಸಾಲಿಗೆ ಹಾದಿ ಎನ್ನುತ್ತೇವೆ. ನಾನು ಇಷ್ಟು ವರ್ಷ ಹಿಂದೆ ಬಿದ್ದಿರುವುದು ಆ ಸಾಲಿನಲ್ಲಿ ಒಬ್ಬನ ಹಿಂದೆ ಮಾತ್ರ. ನಮ್ಮ ಪುಡಿ ಅವನಿಗೆ ಬರಬೇಕಾದ ಸೀಸದ ಹಾಗೇ ಕಾಣುತ್ತದೆ. ಹಿಡಿದುಕೊಂಡನೆಂದರೆ ಕೈಗೆ ಅಂಟಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಸಾಲು ನಿಲ್ಲುತ್ತದೆ.

ಒಳ್ಳೆಯ ಕೋಶಕ್ಕೆ ಅವಸರವಿಲ್ಲ, ಹಳೆಯ ಮೊಳೆಗಳನ್ನೇ ಬಿಚ್ಚಿ ಜೋಡಿಸಿ ಸುಧಾರಿಸಿಕೊಳ್ಳುತ್ತದೆ. ಗೆಡ್ಡೆಯ ಕೋಶ ಬಿಡುವಿಲ್ಲದೆ ಅಚ್ಚು ಹಾಕುತ್ತಿರುತ್ತದೆ. ಅದಕ್ಕೆ ಹೊಸ ಮೊಳೆ ಬರದಿದ್ದರೆ ಹಸಿವು. ಇಲಿಗಳಲ್ಲಿ ಹೀಗಾಯಿತು. ಎಲ್ಲ ಇಲಿಗಳಲ್ಲೂ ಅಲ್ಲ. ಕೆಲವು ಗೆಡ್ಡೆಗಳು ಹಿಂಬಾಗಿಲಿನಿಂದ ಮೊಳೆ ತರಿಸಿಕೊಳ್ಳುವುದನ್ನು ಕಲಿತವು.

ಊಟದ ಮೇಲೆ ಗಮನವಿರಲಿ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ತಮ್ಮ

*

ಫೆಬ್ರವರಿ ೨೪

ಮೂಸಣ್ಣನಿಗೆ,

ನಿನ್ನ ಪ್ರೆಸ್ಸಿನ ಕಥೆಯನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಪ್ರೂಫ್ ನೋಡುವವರನ್ನು ಮನೆಗೆ ಕಳಿಸಿ, ಹಗಲೂ ರಾತ್ರಿ ತಪ್ಪುಗಳನ್ನೇ ಅಚ್ಚು ಹಾಕುವುದು ಗೆಡ್ಡೆಯೇ ಆದರೆ, ನಾನು ನಿವೃತ್ತಳಾದ ಮೇಲೆ ನಮ್ಮ ಪತ್ರಿಕೆಗೂ ಅದೇ ಕಾಯಿಲೆ ಬಂದಿದೆ. ಮೊನ್ನೆ ಮುಖಪುಟದಲ್ಲೇ ಬದುಕಿರುವವರೊಬ್ಬರನ್ನು ದಿವಂಗತರು ಮಾಡಿದ್ದರು. ನಾನು ಸಂಪಾದಕರಿಗೆ ಬರೆದೆ. ಪ್ರಕಟವಾಗಲಿಲ್ಲ. ಸತ್ತವರು ದೂರು ಕೊಟ್ಟಿಲ್ಲವಲ್ಲ ಎಂದುಕೊಂಡಿರಬೇಕು.

ಮಾತ್ರೆ ಶುರುವಾಯಿತು. ಅದರ ಬಗ್ಗೆ ನೀನು ಮಾತಾಡಬಾರದು, ಆದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆಂದು ಎಲ್ಲೂ ಸಹಿ ಮಾಡಿಲ್ಲ. ಬಿಳಿ ಬಣ್ಣ, ಗುಂಡಗೆ. ಅಂಗಿಯ ಗುಂಡಿಯ ಹಾಗೆ ನುಣ್ಣಗೆ ಹೊಳೆಯುತ್ತದೆ. ಅಕ್ಷರ ನಂಬರು ಏನೂ ಕೆತ್ತಿಲ್ಲ. ಒಂದು ಪಟ್ಟಿಯಲ್ಲಿ ಮೂವತ್ತು. ನಾಲಿಗೆಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ, ಮದ್ದು ಎಂಬ ಗತ್ತು ಗೈರತ್ತು ಏನೇನೂ ಇಲ್ಲ. ಇಡಿಯಾಗಿ ನುಂಗಬೇಕಂತೆ.

ನಿನ್ನ ಭಾವ ಗಡಿಯಾರ ರಿಪೇರಿ ಬಿಟ್ಟರೂ ಆ ಚಿಕ್ಕ ಚಿಮ್ಮಟ ಬಿಟ್ಟಿಲ್ಲ. ಬೆಳಿಗ್ಗೆ ಹಲ್ಲುಜ್ಜಿ ಬಂದ ಕೂಡಲೇ ಮಾತ್ರೆಯನ್ನು ಚಿಮ್ಮಟದಲ್ಲಿ ಎತ್ತಿ, "ಮೇಡಂ, ನಿಮ್ಮ ಬಿಡಿಭಾಗ ಬಂದಿದೆ, ಕೈ ಚಾಚಿ," ಎನ್ನುತ್ತಾರೆ. ನುಂಗಿದ ಮೇಲೆ ನನ್ನ ಎದೆಗೆ ಕಿವಿ ಇಟ್ಟು, "ನಡೀತಿದೆ. ಸ್ವಲ್ಪ ಸ್ಲೋ. ಗ್ಯಾರಂಟಿ ಕೊಡಲ್ಲ," ಎಂದು ಎದ್ದು ಹೋಗುತ್ತಾರೆ. ಪ್ರತಿದಿನ ಇದೇ ನಾಟಕ. ನನಗೆ ಬೇಜಾರು ಬಂದಿದೆ ಎಂದು ಬರೆಯಬೇಕೆಂದಿದ್ದೆ. ಬಂದಿಲ್ಲ.

ಬಿಡಿಭಾಗ ಹಾಕಿಸಿಕೊಂಡ,
ಅಕ್ಕ

*

ಮಾರ್ಚ್ ೧೧

ಅಕ್ಕನಿಗೆ,

ನಿನ್ನ ಪತ್ರ ಬಂತು. ಇಲ್ಲಿ ವಿಶೇಷವಿಲ್ಲ. ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುತ್ತಿದ್ದೇನೆ. ಒಬ್ಬ ಇಡೀ ಅಧ್ಯಾಯದಲ್ಲಿ ಗ್ರಾಂ ಬರೆಯಬೇಕಾದಲ್ಲಿ ಕಿಲೋಗ್ರಾಂ ಬರೆದಿದ್ದಾನೆ. ಅವನ ಲೆಕ್ಕದ ಪ್ರಕಾರ ಒಂದು ಇಲಿಗೆ ನಾವು ಮೂಟೆಗಟ್ಟಲೆ ಔಷಧ ಕೊಟ್ಟಿದ್ದೇವೆ.

ಪಟ್ಟಿಯಿಂದ ಮಾತ್ರೆ ಬಿಡಿಸುವಾಗ ಏನಾದರೂ ವಾಸನೆ ಬರುತ್ತದೆಯೇ? ಬಿಡಿಸಿದ ತಕ್ಷಣ, ಮೂಗಿನ ಹತ್ತಿರ ಹಿಡಿದರೆ? ಅಥವಾ ಬೆರಳಿಗೆ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತದೆಯೇ? ಸುಮ್ಮನೆ ಕೇಳಿದೆ.

ನಿದ್ದೆ ಬರುತ್ತಿದೆಯೇ?

ತಮ್ಮ

*

ಮಾರ್ಚ್ ೨೦

ಮೂಸಣ್ಣನಿಗೆ,

ಮೂವತ್ತೈದು ವರ್ಷ ಬೇರೆಯವರ ವಾಕ್ಯಗಳನ್ನು ಓದಿ ಸಂಬಳ ತಂದವಳು ನಾನು. ನಿನ್ನ ಪತ್ರವನ್ನು ಎರಡು ಸಲ ಓದಿದೆ, ಮೂರನೇ ಸಲ ಬೆರಳಿಟ್ಟು ಓದಿದೆ. ನೀನು ಹುಟ್ಟಿದಾಗಿನಿಂದ ಏನನ್ನೂ ಸುಮ್ಮನೆ ಕೇಳಿದವನಲ್ಲ.

ವಾಸನೆ ಬರುವುದಿಲ್ಲ. ಬಿಡಿಸಿದಾಗಲೂ ಇಲ್ಲ, ಬೆರಳಿಗೂ ಇಲ್ಲ. ನಿನ್ನ ಭಾವನ ಮೂಗಿಗೂ ಹಿಡಿದೆ. "ಅಂಗಿ ಗುಂಡಿ ವಾಸನೆ," ಎಂದರು.

ಈಗ ನನಗೆ ನೆನಪಾದದ್ದನ್ನು ಕೇಳು. ನೀನು ಈ ಪುಡಿಯನ್ನು ಮೊದಲ ಸಲ ಮಾಡಿದ ವರ್ಷ ಲ್ಯಾಬಿನಿಂದ ನೇರವಾಗಿ ನಮ್ಮ ಮನೆಗೆ ಬಂದಿದ್ದೆ. ಅಂಗಿ ಕಳಚಿ ಕುರ್ಚಿಗೆ ಹಾಕಿದ್ದೆ. ನಿನ್ನ ಭಾವ, ಯಾರೋ ಮನೆಯೊಳಗೆ ಸಿಗರೇಟು ಸೇದಿದ್ದಾರೆ ಎಂದು ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದರು. ಆಗ ನೀನು ನಕ್ಕು ಹೇಳಿದ್ದೆ: "ಅದು ನಾನೇ ಭಾವ. ಆರಿದ ಬೆಂಕಿಕಡ್ಡಿ ವಾಸನೆ. ಪುಡೀಲಿ ಗಂಧಕ ಇದೆ, ಒಂದು ಕಣ ಇದ್ದರೂ ನನ್ನ ಮೂಗಿಗೆ ಗೊತ್ತಾಗುತ್ತೆ. ಬಸ್ಸಲ್ಲಿ ಯಾರೂ ಪಕ್ಕ ಕೂರಲ್ಲ." ಅಂಗಿಯನ್ನು ಮೂರು ನೀರಿನಲ್ಲಿ ಒಗೆದವಳು ನಾನು. ಒಗೆದರೂ ಹೋಗಲಿಲ್ಲ. ಚಿಕ್ಕಂದಿನಲ್ಲಿ ಪುಸ್ತಕ, ಬೀಗದ ಕೈ, ಅಪ್ಪನ ಚಪ್ಪಲಿ ಎಲ್ಲವನ್ನೂ ಮೂಸುತ್ತಿದ್ದವನಿಗೆ ಮೂಸಣ್ಣ ಎಂದು ಹೆಸರಿಟ್ಟವಳೂ ನಾನೇ.

ನೀನು ಹೌದೆಂದು ಬರೆಯಬೇಡ, ಅಲ್ಲವೆಂದೂ ಬರೆಯಬೇಡ. ಬರೆದರೆ ನಿನ್ನ ಕೆಲಸ ಹೋದೀತು. ನಾನು ತಪ್ಪು ತಿಳಿದಿದ್ದರೆ ಮುಂದಿನ ಪತ್ರದಲ್ಲಿ, ಅಕ್ಕ ನಿನಗೆ ತಲೆಕೆಟ್ಟಿದೆ ಎಂದು ಒಂದು ಸಾಲು ಬೈದುಬಿಡು. ಅಷ್ಟು ಸಾಕು, ಅರ್ಥ ಮಾಡಿಕೊಳ್ಳುತ್ತೇನೆ.

ಬೈಗುಳಕ್ಕೆ ಕಾಯುತ್ತಿರುವ,
ಅಕ್ಕ

*

ಏಪ್ರಿಲ್ ೩೦

ಅಕ್ಕನಿಗೆ,

ಬರೆಯಲು ತಡವಾಯಿತು. ಲ್ಯಾಬಿನ ಸೆಂಟ್ರಿಫ್ಯೂಜು ಯಂತ್ರ ಕೆಟ್ಟಿತ್ತು, ರಿಪೇರಿಯವರು ಬಂದು ಬಿಚ್ಚಿಟ್ಟು ಹೋದರು, ಜೋಡಿಸಲು ಇನ್ನೂ ಬಂದಿಲ್ಲ. ಲ್ಯಾಬಿನ ಕಿಟಕಿಯ ಹೊರಗಿನ ಎಸಿ ಪೆಟ್ಟಿಗೆಯ ಮೇಲೆ ಪಾರಿವಾಳ ಮೊಟ್ಟೆ ಇಟ್ಟಿದೆ. ಎಸಿ ಹಾಕಬಾರದೆಂದು ವಿದ್ಯಾರ್ಥಿಗಳು ಬೋರ್ಡು ಬರೆದು ಅಂಟಿಸಿದ್ದಾರೆ. ಸೆಕೆಯಲ್ಲಿ ಬೇಯುತ್ತಿದ್ದೇವೆ.

ನಿನಗೆ ಏನು ತಿನ್ನಬೇಕೆನಿಸುತ್ತದೋ ಅದನ್ನು ತಿನ್ನು. ಪಥ್ಯ ಎಂದು ಹಸಿದಿರಬೇಡ.

ತಮ್ಮ

*

ಮೇ ೯

ಮೂಸಣ್ಣನಿಗೆ,

ಪಾರಿವಾಳದ ಬಗ್ಗೆ ಓದಿದೆ. ಸೆಂಟ್ರಿಫ್ಯೂಜಿನ ಬಗ್ಗೆಯೂ ಓದಿದೆ. ಬೈಗುಳ ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ಹಾಳೆಯ ಹಿಂಬದಿಯನ್ನೂ ನೋಡಿದೆ. ಸರಿ ಬಿಡು. ನನಗೆ ಬಂದಿರುವುದು ಖಾಲಿ ಮಾತ್ರೆ.

ಮೊದಲ ಸ್ಕ್ಯಾನು ಆಯಿತು. ಗೆಡ್ಡೆ ಇದ್ದಷ್ಟೇ ಇದೆ, ಬೆಳೆದಿಲ್ಲ. ಡಾಕ್ಟರಮ್ಮ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಪಾಪ, ಅವರಿಗೇನು ಗೊತ್ತು. ಹಳೆಯ ಇಂಜೆಕ್ಷನ್ನಿನ ಬಿಸಿ ಇನ್ನೂ ಆರಿಲ್ಲವೇನೋ, ಇಲ್ಲವೇ ಗೆಡ್ಡೆಗೂ ನನ್ನ ಬಾಯಿಯ ಭಯವಿದೆ.

ಇನ್ನು ನನ್ನ ತೀರ್ಮಾನ. ನಾನು ಆ ಮಾತ್ರೆ ನುಂಗುವುದಿಲ್ಲ. ಸುಣ್ಣದ ಗುಂಡಿ ನುಂಗಿ, ಸತ್ತು, ಅವರ ಅಂಕಿಅಂಶದಲ್ಲಿ ಖಾಲಿ ಮಾತ್ರೆಯವರ ಸಾಲಿಗೆ ಒಂದು ಗೀಟಾಗಿ ಸೇರಲು ನನಗೆ ಮನಸ್ಸಿಲ್ಲ. ಬಣ್ಣದ ಕಾರ್ಖಾನೆಯವರು ನಮ್ಮ ಬೀದಿಯ ಬಾವಿ ಹಾಳು ಮಾಡಿದಾಗಲೂ ಮೊದಲು ಮಾಡಿದ ಕೆಲಸ ನಮ್ಮೆಲ್ಲರ ರಕ್ತ ತೆಗೆದುಕೊಂಡು ಹೋದದ್ದು. ಫಲಿತಾಂಶ ಎಲ್ಲಿ ಎಂದು ಹತ್ತು ವರ್ಷ ಬರೆದೆ. ಕಾರ್ಖಾನೆ ಮುಚ್ಚಿತು, ಬಾವಿಗೆ ಮಣ್ಣು ತುಂಬಿದರು, ಫಲಿತಾಂಶ ಇವತ್ತಿಗೂ ಬಂದಿಲ್ಲ. ಅವತ್ತು ತೋಳು ಚಾಚಿ ಕೊಟ್ಟವಳು ನಾನೇ. ಈ ಸಲ ಕೊಡುವುದಿಲ್ಲ.

ಬಹಿರಂಗವಾಗಿ ಬಿಟ್ಟು ಬರೋಣವೆಂದರೆ ನಿನ್ನ ಭಾವ ಇದ್ದಾರೆ. ಆ ಮಾತ್ರೆ ಈಗ ಇಡೀ ದಿನ ಅವರನ್ನು ನಡೆಸುತ್ತಿರುವ ಕೀಲಿ. ಬೆಳಿಗ್ಗೆ ಕೈ ಚಾಚುತ್ತೇನೆ, ಬಾಯಿಗೆ ಹಾಕಿಕೊಳ್ಳುತ್ತೇನೆ, ಕೆಮ್ಮು ಬಂದವಳ ಹಾಗೆ ಬಚ್ಚಲಿಗೆ ಹೋಗಿ ಉಗುಳುತ್ತೇನೆ. ಅವರು ಎದೆಗೆ ಕಿವಿ ಇಟ್ಟು "ನಡೀತಿದೆ," ಎನ್ನುತ್ತಾರೆ.

ನಿನ್ನ ಫ್ರೀಜರಿನಿಂದ ಒಂದು ಚಮಚ ಪುಡಿ ಕಳಿಸು ಎಂದು ಕೇಳುವುದಿಲ್ಲ, ಹೆದರಬೇಡ. ತಪ್ಪೆನಿಸಿದರೆ ಮಾತ್ರ ಹೇಳು. ನಿಲ್ಲಿಸಬೇಡ ಅಕ್ಕ ಎಂದು ಒಂದು ಸಾಲು ಬರೆದರೆ ನಾಳೆಯಿಂದಲೇ ಮತ್ತೆ ನುಂಗುತ್ತೇನೆ.

ಅಕ್ಕ

*

ಮೇ ೨೭

ಅಕ್ಕನಿಗೆ,

ಫ್ರೀಜರಿನಲ್ಲಿರುವುದು ಇಲಿಗಳಿಗೆ ಮಾಡಿದ್ದು. ಶುದ್ಧಿ ಸಾಲದು, ದ್ರಾವಕ ಉಳಿದಿರುತ್ತದೆ, ಇರುವುದೂ ಚಿಟಿಕೆಯಷ್ಟು. ಕೊಟ್ಟರೆ ಗೆಡ್ಡೆಗಿಂತ ಮೊದಲು ನಿನ್ನ ಪಿತ್ತಜನಕಾಂಗ ಕೈಕೊಡುತ್ತದೆ. ಅದನ್ನು ನಾನು ಯೋಚಿಸಿಲ್ಲ ಎಂದುಕೊಳ್ಳಬೇಡ.

ಕಂಪನಿಗೆ ಎರಡು ಸಲ ಬರೆದೆ. ರೋಗಿ ಯಾರೆಂದು ಹೇಳದೆ, ಪರೀಕ್ಷೆಯ ಹೊರಗೆ ಕೆಲವರಿಗೆ ಔಷಧ ಕೊಡಲಾಗುತ್ತದೆಯೇ ಎಂದು ಕೇಳಿದೆ. ಪರೀಕ್ಷೆ ಮುಗಿಯುವವರೆಗೆ ಯಾರಿಗೂ ಇಲ್ಲ ಎಂದು ಉತ್ತರ ಬಂತು. ಕೆಳಗೆ ಸಹಿ ಇರಲಿಲ್ಲ, ಇಲಾಖೆಯ ಹೆಸರಿತ್ತು.

ನೀನು ಹೇಳಿದ ವಿಷಯ. ನಿನ್ನ ಮನಸ್ಸಿಗೆ ಹೇಗೆ ಬರುತ್ತದೋ ಹಾಗೆ ಮಾಡು, ಅಕ್ಕ.

ಪಾರಿವಾಳದ ಮರಿಗಳು ಹಾರಿಹೋದವು. ಎಸಿ ಹಾಕಿದ್ದೇವೆ.

ತಮ್ಮ

*

ಆಗಸ್ಟ್ ೧೬

ಮೂಸಣ್ಣನಿಗೆ,

ಅಕ್ಷರ ಓಲಾಡುತ್ತಿದ್ದರೆ ಕ್ಷಮಿಸು, ದಿಂಬಿಗೆ ಒರಗಿ ಬರೆಯುತ್ತಿದ್ದೇನೆ. ಎರಡನೇ ಸ್ಕ್ಯಾನಿನಲ್ಲಿ ಗೆಡ್ಡೆ ದೊಡ್ಡದಾಗಿತ್ತು, ಈಗ ಪಿತ್ತಜನಕಾಂಗಕ್ಕೂ ಹೋಗಿದೆ. ಡಾಕ್ಟರಮ್ಮ ಮತ್ತೆ ಪೆನ್ನುಗಳ ಡಬ್ಬಿಯ ಜೊತೆ ಮಾತಾಡಲು ಶುರುಮಾಡಿದ್ದಾರೆ.

ಅದಲ್ಲ ನಾನು ಬರೆಯಬೇಕೆಂದದ್ದು. ನಿಮ್ಮ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತಂತೆ. ಕೊಂಡ ಮೇಲೆ ಪರೀಕ್ಷೆ ನಿಲ್ಲಿಸಿದರಂತೆ. ಕೇಳಿದೆ, "ಔಷಧ ಕೆಲಸ ಮಾಡ್ಲಿಲ್ವಾ?" "ಹಾಗಂತ ಇಲ್ಲ." "ಹಾಗಾದ್ರೆ ಕೆಲಸ ಮಾಡ್ತಾ?" "ಹಾಗಂತಲೂ ಇಲ್ಲಮ್ಮ." ಅವರಿಗೆ ಬಂದ ಕಾಗದವನ್ನು ನನ್ನ ಕೈಗೇ ಕೊಟ್ಟರು. ಅದರಲ್ಲಿದ್ದದ್ದು ಇಷ್ಟೇ: ವ್ಯಾಪಾರದ ಆದ್ಯತೆಗಳು ಬದಲಾಗಿವೆ. ಅವರದೇ ಇನ್ನೊಂದು ಔಷಧ ಮಾರುಕಟ್ಟೆಯಲ್ಲಿದೆಯಂತೆ, ಅದಕ್ಕೆ ಇದು ಪೈಪೋಟಿಯಂತೆ. ಆ ಪುಟ್ಟ ಕಾಗದದಲ್ಲಿ ಎರಡು ಅಚ್ಚಿನ ತಪ್ಪು. ಬೆಂಚಿನ ಮೇಲೆ ಕಾದು ಕೂತ ಅಷ್ಟೂ ಜನರನ್ನು ಕೈಬಿಡಲು ಒಂದು ಹಾಳೆ ಸಾಕಾಯಿತು, ಅದನ್ನೂ ಯಾರೂ ತಿದ್ದಿ ಓದಿಲ್ಲ.

ಪತ್ರಿಕೆಗೆ ಬರೆದೆ. ನಾನು ಕೆಲಸ ಮಾಡಿದ ಪತ್ರಿಕೆಗೇ. ಹೊಸ ಸಂಪಾದಕರು ಫೋನ್ ಮಾಡಿ, "ಮೇಡಂ, ಭಾಷೆ ಬಹಳ ಚೆನ್ನಾಗಿದೆ," ಎಂದರು. ಮಾರನೇ ದಿನ ಅದೇ ಪುಟದಲ್ಲಿ ಆ ದೊಡ್ಡ ಕಂಪನಿಯ ಬಣ್ಣದ ಜಾಹೀರಾತು.

ಉಳಿದ ಪಟ್ಟಿಗಳನ್ನೆಲ್ಲ ವಾಪಸು ಕೊಡಬೇಕಂತೆ. ಯಾರು ಏನು ನುಂಗಿದರು ಎಂಬುದನ್ನು ಮುಂದಿನ ತಿಂಗಳು ಬಿಚ್ಚಿ ಹೇಳುತ್ತಾರಂತೆ. ನನಗೆ ಹೇಳಬೇಕಾದ್ದೇನೂ ಉಳಿದಿಲ್ಲ, ಆದರೂ ಹೋಗಿ ಬರುತ್ತೇನೆ.

ಅಕ್ಕ

*

ಸೆಪ್ಟೆಂಬರ್ ೧೩

ಮೂಸಣ್ಣನಿಗೆ,

ನಿನ್ನೆ ಹೋಗಿದ್ದೆ. ಬಿಚ್ಚಿ ನೋಡಿದರು. ಖಾಲಿಯೇ. ನಿನ್ನ ಮೂಗು ಸುಳ್ಳು ಹೇಳುವುದಿಲ್ಲ.

ಈ ವಿಷಯ ಇಲ್ಲಿಗೆ ಮುಗಿಯಿತು. ನೀನು ಕೂತು ಲೆಕ್ಕ ಹಾಕಬೇಡ. ನುಂಗಿದ್ದರೂ ಅಷ್ಟೇ, ಉಗುಳಿದ್ದರೂ ಅಷ್ಟೇ, ಬಚ್ಚಲಿಗೆ ಒಂದಿಷ್ಟು ಸುಣ್ಣ ಬಳಿದಂತಾಯಿತು. ನಿನ್ನ ಪುಡಿ ಒಳ್ಳೆಯದೇ ಇರಬೇಕು, ನನ್ನ ಪಾಲಿಗೆ ಬರಲಿಲ್ಲ. ನಾನು ಅದರ ಮೇಲೆ ಹಗೆ ಇಟ್ಟುಕೊಂಡಿಲ್ಲ, ನಿನ್ನ ಮೇಲೆ ಮೊದಲೇ ಇಲ್ಲ.

ಒಂದು ತಮಾಷೆ ಕೇಳು. ನಿನ್ನ ಭಾವ ಒಂದು ಪಟ್ಟಿ ವಾಪಸು ಕೊಟ್ಟಿಲ್ಲ. ಆಸ್ಪತ್ರೆಯವರಿಗೆ "ಕಳೆದುಹೋಯ್ತು" ಎಂದು ಕಣ್ಣು ಪಿಳುಕಿಸದೆ ಹೇಳಿ ಬಂದವರು, ಅದನ್ನು ಗಡಿಯಾರದ ಮುಳ್ಳುಗಳ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. ಇವತ್ತು ಬೆಳಿಗ್ಗೆಯೂ ಚಿಮ್ಮಟ ಹಿಡಿದು ಬಂದರು. "ಹಳೇ ಸ್ಟಾಕು, ಮೇಡಂ. ಒರಿಜಿನಲ್ಲು."

ನುಂಗಿದೆ. ಉಗುಳಲಿಲ್ಲ. ಸುಣ್ಣ ಎಂದು ಗೊತ್ತಾದ ಮೇಲೆ ನುಂಗಲು ಕಷ್ಟವೇನು? ಅವರಿಗೊಂದು ಸಮಾಧಾನ. ಪಟ್ಟಿ ಮುಗಿಯುವವರೆಗೆ ನುಂಗುತ್ತೇನೆ.

ನಿನಗೆ ಬಿಡುವಾದರೆ ಒಮ್ಮೆ ಬಾ. ಬಿಡುವು ಮಾಡಿಕೊಂಡೇ ಬಾ.

ಎಂದಿನಂತೆ ನಿನ್ನ,
ಅಕ್ಕ

*

ಸೆಪ್ಟೆಂಬರ್ ೧೮

ಮಾನ್ಯರೇ,

ನಾನು ನಿಮ್ಮ ಅಕ್ಕನವರಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯೆ. ನಿಮಗೆ ಈ ವಿಷಯ ತಿಳಿಸಬೇಡಿ ಎಂದು ಅವರು ಕೇಳಿಕೊಂಡಿದ್ದರು. ಆದರೆ ಸಂಯುಕ್ತವನ್ನು ಕಂಡುಹಿಡಿದವರಾಗಿ ನಿಮಗೆ ಮುಂದಿನ ವಾರ ಪರೀಕ್ಷೆಯ ವರದಿ ಬರುತ್ತದೆ. ಅದರಲ್ಲಿ ವಯಸ್ಸು, ಊರು ನೋಡಿದರೆ ಯಾರೆಂದು ನಿಮಗೆ ತಿಳಿದೇ ತಿಳಿಯುತ್ತದೆ. ಅಂಕಿಗಳ ನಡುವೆ ಹಾಗೆ ಓದುವುದಕ್ಕಿಂತ ಮೊದಲೇ ಒಬ್ಬ ಮನುಷ್ಯರಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ಅಕ್ಕನವರಿಗೆ ಕೊಟ್ಟಿದ್ದು ನಿಜವಾದ ಔಷಧ.

ಶೇಖರಿಸಿಟ್ಟಿದ್ದ ಅವರ ರಕ್ತವನ್ನು ಈಗ ಪರೀಕ್ಷಿಸಿದ್ದಾರೆ. ಮೇ ತಿಂಗಳ ಮೊದಲ ವಾರದವರೆಗಿನ ರಕ್ತದಲ್ಲಿ ಔಷಧ ಇರಬೇಕಾದಷ್ಟು ಇದೆ. ಆ ನಂತರದ ಯಾವುದರಲ್ಲೂ ಇಲ್ಲ. ಮೊದಲ ಸ್ಕ್ಯಾನಿನಲ್ಲಿ ಗೆಡ್ಡೆ ನಿಂತಿತ್ತು. ಅದು ಔಷಧದಿಂದ ನಿಂತಿತ್ತೋ, ತಾನಾಗಿ ನಿಂತಿತ್ತೋ, ಮುಂದುವರಿಸಿದ್ದರೆ ಎಷ್ಟು ಕಾಲ ನಿಲ್ಲುತ್ತಿತ್ತೋ, ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಅರ್ಧಕ್ಕೆ ನಿಂತದ್ದರಿಂದ ಇನ್ನು ಯಾರೂ ಹೇಳಲಾರರು. ಮಾತ್ರೆಗಳನ್ನು ಸುಡಲು ಕಳಿಸಲಾಗಿದೆ, ಹೊಸದಾಗಿ ಮಾಡುವುದಿಲ್ಲ ಎಂದು ತಿಳಿಸಿದ್ದಾರೆ.

ಸೋಮವಾರ ಅವರಿಗೆ ಇದನ್ನು ಹೇಳಿದಾಗ ಯಜಮಾನರು ಹೊರಗೆ ಬೆಂಚಿನ ಮೇಲಿದ್ದರು. ನಿಮ್ಮ ಅಕ್ಕನವರು, "ವಾಸನೆ ಯಾಕೆ ಇರಲಿಲ್ಲ ಡಾಕ್ಟ್ರೇ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪುಡಿಯ ವಾಸನೆಗೆ ರೋಗಿಗಳಿಗೆ ವಾಕರಿಕೆ ಬರುತ್ತದೆಂದು ಕಂಪನಿಯವರು ಮಾತ್ರೆಗೆ ದಪ್ಪ ಪದರ ಕೊಟ್ಟಿದ್ದರು. ಎರಡೂ ಬಗೆಯ ಮಾತ್ರೆಗಳಿಗೆ ಒಂದೇ ಪದರ, ಇಲ್ಲದಿದ್ದರೆ ಯಾವುದು ಯಾವುದೆಂದು ಯಾರಿಗಾದರೂ ತಿಳಿದುಬಿಡುತ್ತಿತ್ತು. ಇಷ್ಟನ್ನು ಅವರಿಗೆ ವಿವರಿಸಿದೆ. ನಿಮಗೆ ಇದು ಗೊತ್ತಿರುವ ಸಂಗತಿಯೇ.

ವಾಪಸು ಕಳಿಸಲು ಮೇಜಿನ ಮೇಲಿಟ್ಟಿದ್ದ ತಮ್ಮದೇ ಪಟ್ಟಿಗಳಲ್ಲಿ ಒಂದನ್ನು ಅವರು ಕೇಳದೆಯೇ ಎತ್ತಿಕೊಂಡು, ಒಂದು ಮಾತ್ರೆ ಬಿಡಿಸಿ, ಹಲ್ಲಿಗಿಟ್ಟು ಕಡಿದರು. ಕೋಣೆಯೆಲ್ಲ ಬೆಂಕಿಕಡ್ಡಿ ಆರಿಸಿದ ಹಾಗೆ ವಾಸನೆ ಹಬ್ಬಿತು. "ನನ್ನ ತಮ್ಮನ ಅಂಗಿ," ಎಂದು ನಕ್ಕರು. ನಗು ಬೇಗ ನಿಲ್ಲಲಿಲ್ಲ.

ಮೇ ನಂತರ ಮಾತ್ರೆ ಏಕೆ ಬಿಟ್ಟಿರಿ ಎಂದು ಕೇಳಿದೆ. "ನನಗೆ ಬುದ್ಧಿ ಜಾಸ್ತಿ ಆಗಿತ್ತು," ಎಂದರು. ಬೇರೆ ಯಾರಾದರೂ ಏನಾದರೂ ಹೇಳಿದರೇ ಎಂದು ನಿಯಮದಂತೆ ಕೇಳಬೇಕಿತ್ತು, ಕೇಳಿದೆ. ಯಾರೂ ಇಲ್ಲ ಎಂದು ಸಹಿ ಮಾಡಿ ಕೊಟ್ಟಿದ್ದಾರೆ.

ಬಹಳ ದಿನಗಳಿಲ್ಲ. ನೀವು ಬರುವುದಾದರೆ ಬೇಗ ಬನ್ನಿ.

ವಿಶ್ವಾಸದಿಂದ,
ವೈದ್ಯೆ, ಕ್ಯಾನ್ಸರ್ ಚಿಕಿತ್ಸಾ ವಿಭಾಗ

*

ಸೆಪ್ಟೆಂಬರ್ ೨೫

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಖಾಲಿ ಮಾತ್ರೆ ಎಂದು ತಿಳಿಯಿತು. ನಾನೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿ ಫ್ರೀಜರು ಖಾಲಿ ಮಾಡಬೇಕೆಂದು ಕಂಪನಿಯವರು ಬರೆದಿದ್ದಾರೆ. ನಮ್ಮ ಪುಡಿಯ ಬಾಟಲಿಗಳನ್ನೆಲ್ಲ ನಿನ್ನೆ, ಸುಡಲು ಕಳಿಸುವ ಕೆಂಪು ಡಬ್ಬಿಗೆ ಹಾಕಿದೆ. ಹಾಕುವ ಮೊದಲು ಒಂದರ ಮುಚ್ಚಳ ತೆಗೆದೆ. ಪಕ್ಕದ ಕೋಣೆಯ ವಿದ್ಯಾರ್ಥಿ ಓಡಿ ಬಂದು, "ಸರ್, ಏನೋ ಸುಟ್ಟಿದೆ," ಎಂದ. ಏನಿಲ್ಲ ಹೋಗಪ್ಪ ಎಂದೆ.

ನಾಳಿದ್ದು ಹೊರಟು ಬರುತ್ತಿದ್ದೇನೆ, ಈ ಕಾಗದ ಕೊರಿಯರಿನಲ್ಲಿ ನಾಳೆಯೇ ತಲುಪುತ್ತದೆ. ಬಸ್ ನಿಲ್ದಾಣಕ್ಕೆ ಭಾವ ಬರುವುದು ಬೇಡ, ನಿನ್ನ ಹತ್ತಿರವೇ ಇರಲಿ. ಹೊಸ ಅಂಗಿ ಹಾಕಿಕೊಂಡು ಬರುತ್ತೇನೆ. ನೀನು ಒಗೆಯಬೇಕಾಗಿಲ್ಲ.

ಪಟ್ಟಿಯಲ್ಲಿ ಉಳಿದಿರುವುದನ್ನು ಭಾವ ಕೊಟ್ಟ ಹಾಗೆ ತೆಗೆದುಕೊ, ಒಂದು ದಿನವೂ ಬಿಡಬೇಡ. ಸುಣ್ಣವೇ ಇರಲಿ ಅಕ್ಕ, ಹಲ್ಲಿಗೆ ತಾಗಿಸಬೇಡ. ನೀರಿನ ಜೊತೆ ಇಡಿಯಾಗಿ ನುಂಗು.

ತಮ್ಮ